ಮೂರನೇ ನಂಬರಿನ ನಗು

ಮಾರ್ಚ್ ೧೪, ಶುಕ್ರವಾರ

ಥೂ, ಅದೇ ನಗು ಇನ್ನೂ ಕಿವಿಯಲ್ಲಿದೆ.

ನಮ್ಮ ಕಾಮಿಡಿ ಶೋನಲ್ಲಿ ಈ ವಾರ ನಟನೊಬ್ಬ ಮುದುಕಿಯ ವೇಷದಲ್ಲಿ ಬರುತ್ತಾನೆ. ಸೊಸೆಯ ಪಾತ್ರದವಳು ಊರುಗೋಲು ಕಿತ್ತುಕೊಳ್ಳುತ್ತಾಳೆ, ಮುದುಕಿ ದೊಪ್ಪನೆ ಬೀಳುತ್ತಾಳೆ. ಇದು ಹಾಸ್ಯವಂತೆ! ಶೂಟಿಂಗ್ ದಿನ ಎದುರು ಕೂತಿದ್ದ ಜನರಲ್ಲಿ ಒಬ್ಬರೂ ನಗಲಿಲ್ಲ. ಆದರೆ ಆಮೇಲೆ ಸೌಂಡ್ ಕೂರಿಸುವವನು ನಾನು. ಡೈರೆಕ್ಟರ್ ಬಂದು, "ಏನ್ರೀ ಇದು, ಸಾವಿನ ಮನೆ ಥರ ಇದೆ. ಆ ಮೂರನೇ ನಂಬರ್ ನಗು ಹಾಕ್ರೀ" ಅಂದ. ಹಾಕಿದೆ.

ನಾವು ರೆಕಾರ್ಡ್ ಮಾಡಿಟ್ಟುಕೊಂಡ ನಗುಗಳಲ್ಲಿ ಮೂರನೇ ನಂಬರ್ ಎಂದರೆ ಅಮ್ಮನದು. ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಸ್ಟುಡಿಯೋ ನೋಡಲು ಬಂದಿದ್ದಳು. ದೊಡ್ಡ ಸಾಹೇಬನ ಹಾಗೆ ಹೆಡ್‌ಫೋನ್ ಏರಿಸಿ ಕೂತ ನನ್ನನ್ನು ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಮೈಕ್ ಆನ್ ಇತ್ತು. ಅಂದಿನಿಂದ ನಮ್ಮ ಹೊಲಸು ಜೋಕುಗಳಿಗೆಲ್ಲ ಅದೇ ಆಸರೆ.

ಇವತ್ತು ಊಟದ ಹೊತ್ತಿಗೆ ಟೀವಿಯಲ್ಲಿ ಅದು ಬಂತು. ಅಮ್ಮ ತನ್ನ ಊರುಗೋಲನ್ನು ಕುರ್ಚಿಗೆ ಒರಗಿಸಿಟ್ಟು ನೋಡುತ್ತಿದ್ದಳು. ಮುದುಕಿ ಬಿದ್ದಳು, ನಗು ಬಂತು. ಅಮ್ಮನ ಕೈಯ ತುತ್ತು ತಟ್ಟೆಗೆ ವಾಪಸಾಯಿತು.

"ಯಾವಳೋ ಅವಳು? ವಯಸ್ಸಾದೋರು ಬಿದ್ರೆ ಹೀಗೆ ಹಲ್ಲು ಕಿಸೀತಾಳಲ್ಲ! ಹೆತ್ತೋರು ಬುದ್ಧಿ ಕಲಿಸಿಲ್ವಾ?"

"ಅದು ಮಷೀನಿಂದು ಅಮ್ಮ" ಅಂದೆ, ತಟ್ಟೆಯಿಂದ ತಲೆ ಎತ್ತದೆ.

"ನಂಗೇನು ಕಿವಿ ಇಲ್ವಾ? ಮನಸಾರೆ ನಗ್ತಿದಾಳೆ ಕಣೋ ಅವಳು."

ನಾಳೆ ಹೋದವನೇ ಅದನ್ನು ಅಳಿಸಿಬಿಡಬೇಕು. ಆದರೆ ಕಾಲು ಮುರಿದುಕೊಂಡ ಮೇಲೆ ಅಮ್ಮ ಒಂದು ಸಲವೂ ಹಾಗೆ ನಕ್ಕಿಲ್ಲ. ಅದನ್ನೂ ಅಳಿಸಿದರೆ ಅವಳ ನಗು ಇನ್ನೆಲ್ಲಿ ಸಿಗುತ್ತದೆ?