ಮೂರನೆಯ ಗಂಡಿ

ಯಲ್ದೂರು
೧೨-೧೧-೧೯೮೭

ಚಿರಂಜೀವಿ ಸೌಭಾಗ್ಯವತಿ ಸೊಸೆ ಅಂಜಮ್ಮನಿಗೆ ಮಾವ ಕದಿರಪ್ಪನ ಆಶೀರ್ವಾದಗಳು.

ತಾಯಿ, ಮೊದಲು ಕೂಸಿಗೆ ಹಾಲು ಕುಡಿಸು. ನೀನೂ ಎರಡು ತುತ್ತು ಉಣ್ಣು. ಆಮೇಲೆ ಇದನ್ನು ಓದು.

ಒಂದು ಕಥೆ ಹೇಳುತ್ತೇನೆ. ಇದನ್ನು ಮೊದಲು ಹೇಳಿದವರು ಬೆಂಗಳೂರಿನ ಆಸ್ಪತ್ರೆಯ ಡಾಕ್ಟರಮ್ಮ ಅನಂತಲಕ್ಷ್ಮಿ, ಈ ಸಲದ ವಿಜಯದಶಮಿಯ ದಿನ. ಕೇಳಿದವಳು ನಿನ್ನ ಮಗಳು ಚಿಕ್ಕಗಂಗಮ್ಮ, ನಮ್ಮ ಚಿಕ್ಕಿ. ನಾನು ಮಂಚದ ಪಕ್ಕದಲ್ಲಿ ನೆಲಕ್ಕೆ ಕೂತಿದ್ದೆ.

ಹಿಪ್ಪುನೇರಳೆ ತೋಟದಲ್ಲಿ ಸೊಪ್ಪು ಬಿಡಿಸುತ್ತಿದ್ದ ಚಿಕ್ಕಿ ತಲೆ ಹಿಡಿದುಕೊಂಡು ಕುಸಿದದ್ದು, ನಿನ್ನ ಗಂಡ ಕೋದಂಡ ಅವಳನ್ನು ಎತ್ತಿಕೊಂಡು ಬೆಂಗಳೂರಿಗೆ ಓಡಿದ್ದು, ಅಷ್ಟು ನಿನಗೆ ಗೊತ್ತು. ತಲೆಯೊಳಗೆ ರಕ್ತ ಸೋರಿದೆ ಎಂದರು. ಎರಡು ದಿನಕ್ಕೆ ಕಣ್ಣು ಬಿಟ್ಟಳು. ಡಾಕ್ಟರಮ್ಮ ಬಂದು ಕೇಳಿದರು, "ಏನಮ್ಮಾ, ನಿಮ್ಮೂರ ಕೆರೆ ಏರಿ ಗಂಡಿ ಬಿದ್ರೆ ಏನ್ಮಾಡ್ತಾರೆ?"

"ಮಣ್ಣು ಹಾಕಿ ಮೆತ್ತುತಾರೆ," ಎಂದಳು ನಮ್ಮ ಹುಡುಗಿ. ಗಂಡಿ ಎಂದರೆ ಒಡಕು ಎಂದು ಯಾರಾದರೂ ಅವಳಿಗೆ ಹೇಳಿಕೊಡಬೇಕೇ!

"ನಿನ್ನ ತಲೆಯ ನರದಲ್ಲೂ ಗಂಡಿ ಬಿದ್ದಿದೆ ಕಣೇ. ತಲೆ ಕೊಯ್ಯಲ್ಲ. ತೊಡೆ ಹತ್ರ ಸೂಜಿ ಚುಚ್ಚಿ, ದಾರದಷ್ಟು ಸಣ್ಣ ಕೊಳವೆ ಬಿಡ್ತೀನಿ. ಅದು ಎದೆ ದಾಟಿ, ಕತ್ತು ಹತ್ತಿ, ತಲೆಗೆ ಹೋಗುತ್ತೆ. ಅಲ್ಲಿ ಅಂಟು ಹಾಕಿ ಮುಚ್ತೀನಿ."

ನಾನು ಬಾಯಿ ಹಾಕಿದೆ. "ಕಾಲಿಂದ ತಲೆಗೆ ದಾರಿ ಐತೇನಮ್ಮಾ?"

"ಯಲ್ದೂರಿಂದ ಬೆಂಗಳೂರಿಗೆ ಇಲ್ವಾ ತಾತ? ಅಲ್ಲಲ್ಲಿ ಬಸ್ ಬದಲಾಯಿಸ್ಬೇಕು, ಅಷ್ಟೇ."

ಚಿಕ್ಕಿಗೆ ಬೇರೆಯದೇ ಚಿಂತೆ. "ಜಡೆ ಕೆಡಿಸ್ತೀರಾ?"

"ಟೇಪು ಕೂಡ ಬಿಚ್ಚಲ್ಲ," ಎಂದರು ಡಾಕ್ಟರಮ್ಮ. ಬಿಚ್ಚಲೂ ಇಲ್ಲ. ನೀನು ತವರಿಗೆ ಹೊರಟಾಗ ಕೊಟ್ಟುಹೋದ ಕೆಂಪು ಟೇಪು ಅದು. ಕೋದಂಡನೇ ದಿನಾ ಸೊಟ್ಟಸೊಟ್ಟಗೆ ಜಡೆ ಹಾಕುತ್ತಿದ್ದ.

ಮಾರನೆಯ ದಿನ ಒಳಗೆ ಕರೆದುಕೊಂಡು ಹೋದರು. ಸಾಯಂಕಾಲ ಹೊರಗೆ ಬಂದ ಡಾಕ್ಟರಮ್ಮನ ಮುಖ ಬೆವರಿತ್ತು. ಗಂಡಿ ಒಂದಲ್ಲ, ಮೂರು ಇವೆಯಂತೆ. ಎರಡನ್ನು ಮುಚ್ಚಿದ್ದಾರಂತೆ. ಒಂದೇ ದಿನ ಎಲ್ಲವನ್ನೂ ಕಟ್ಟಿದರೆ ರಕ್ತ ಬೇರೆ ಕಡೆ ನುಗ್ಗುತ್ತದೆ, ಸ್ವಲ್ಪ ದಿನ ಬಿಟ್ಟು ಮೂರನೆಯದನ್ನು ಮುಚ್ಚುತ್ತೇವೆ ಎಂದರು. ಕೆರೆಗೂ ಹಾಗೇ ಅಲ್ಲವೇ ತಾಯಿ? ನನಗೆ ಸರಿ ಎನ್ನಿಸಿತು. ಈಗಲೂ ಅವರದು ತಪ್ಪು ಎನ್ನಿಸುವುದಿಲ್ಲ.

ಚಿಕ್ಕಿಗೆ ಎಚ್ಚರವಾಯಿತು, ಗಂಜಿ ಕುಡಿದಳು. ತಮ್ಮನಿಗೆ ಏನು ಹೆಸರಿಟ್ಟರು ಎಂದು ಕೇಳಿದಳು. ಅವಳು ಮಾತಾಡಿದ ಮೇಲೆ ನಾನು ಬಟ್ಟೆ, ರಾಗಿಹಿಟ್ಟು ತರಲು ಊರಿಗೆ ಬಂದೆ.

ಅವತ್ತು ಸಂಜೆ ಜಗಲಿ ತುಂಬ ಹುಡುಗರು. "ತಾತ, ಚಿಕ್ಕಿ ಕಥೆ ಹೇಳು." ಡಾಕ್ಟರಮ್ಮ ಹೇಳಿದ್ದಕ್ಕೆ ನಾನೂ ಉಪ್ಪುಖಾರ ಹಚ್ಚಿ, ದಾರಕ್ಕೆ ಕಣ್ಣು ಕೊಟ್ಟು, ಎದೆಯ ಹತ್ತಿರ ದಾರಿ ತಪ್ಪಿಸಿ, ಎರಡು ಗಂಡಿ ಮುಚ್ಚಿಸಿದೆ. "ಆಮೇಲೆ?" ಎಂದರು ಹುಡುಗರು. ಇನ್ನೊಂದು ಮಿಕ್ಕಿದೆ ಎಂದೆ.

ತಾಯಿ, ನೀನು ಪ್ರತಿ ವಾರ ಚಿಕ್ಕಿ ಹೇಗಿದ್ದಾಳೆಂದು ಕೇಳಿ ಬರೆದೆ. ಹುಷಾರಾಗುತ್ತಿದ್ದಾಳೆಂದು ನಾನು ಬರೆದೆ. ಹಸಿ ಬಾಣಂತಿಗೆ ಹೇಳಿದರೆ ಎದೆಹಾಲು ಬತ್ತುತ್ತದೆ, ಸನ್ನಿ ಹಿಡಿಯುತ್ತದೆ, ಇರುವ ಕೂಸನ್ನಾದರೂ ಉಳಿಸಿಕೊಳ್ಳೋಣ ಎಂದು ನಿನ್ನಮ್ಮ ದೊಡ್ಡಮುನಿಯಮ್ಮ ನನ್ನ ಕೈಹಿಡಿದು ಆಣೆ ಹಾಕಿಸಿಕೊಂಡರು. ಅವರ ಮೇಲೆ ಸಿಟ್ಟಾಗಬೇಡ. ಕೋದಂಡ ನಿನ್ನ ಮುಖ ನೋಡಲಾರದೆ ರೇಷ್ಮೆಹುಳುವಿನ ನೆಪ ಹೇಳುತ್ತಿದ್ದಾನೆ. ಆದರೆ ಹೋದ ವಾರ ನೀನು ಬರೆದೆಯಲ್ಲ, "ಚಿಕ್ಕಿ ಕೈಯಲ್ಲಿ ಅಮ್ಮ ಅಂತ ಒಂದು ಮಾತು ಬರೆಸಿ ಕಳಿಸಿ ಮಾವ" ಎಂದು. ಅದೊಂದು ನನ್ನ ಕೈಲಾಗಲಿಲ್ಲ.

ಕಥೆ ಕೇಳಿದ ಹುಡುಗರು ಮಾರನೆಯ ಬೆಳಿಗ್ಗೆ ಏನು ಮಾಡಿದರು, ಹೇಳುತ್ತೇನೆ. ಎಲ್ಲರೂ ಕೆರೆ ಕಾಲುವೆಗೆ ಇಳಿದು, ಗಂಗುಲಪ್ಪನ ತೋಟಕ್ಕೆ ನೀರು ತಿರುಗುವ ಬಾಯಿಗೆ ಜೇಡಿಮಣ್ಣು ತುಂಬಿ ಮುಚ್ಚಿಬಿಟ್ಟರು. ಅವತ್ತು ನೀರಿನ ಸರದಿ ಅವನದು. "ಯಾವನ್ಲಾ ಕಾಲುವೆ ಕಟ್ಟಿದ್ದು? ನಿಮ್ಮ ವಂಶ ಎಕ್ಕುಟ್ಟೋಗ!" ಎಂದು ಗುದ್ದಲಿ ಎತ್ತಿಕೊಂಡು ಬಂದ.

"ಇದು ಚಿಕ್ಕಿ ತಲೆ ಗಂಡಿ ಗಂಗುಲಣ್ಣ. ಒಂದು ಮಿಕ್ಕೈತಂತೆ, ತಾತ ಹೇಳವ್ನೆ," ಎಂದಳು ಒಂದು ಹುಡುಗಿ.

ಗಂಗುಲಪ್ಪ ಗುದ್ದಲಿ ಇಳಿಸಿದ. "ಹಿಂಗೆ ಮೆತ್ತಿದ್ರೆ ನಿಲ್ತದೇನ್ರಲೇ? ಪಕ್ಕಕ್ಕೆ ಸರೀರಿ," ಎಂದು ತಾನೇ ಒಂದು ಬುಟ್ಟಿ ಮಣ್ಣು ತಂದು ಹಾಕಿ ತುಳಿದ. ಅವನು ತುಳಿಯುತ್ತಿರುವಾಗಲೇ ಏರಿಯ ಮೇಲೆ ಬಾಡಿಗೆ ಕಾರು ಬಂತು. ಕೋದಂಡನ ಮಡಿಲಲ್ಲಿ ಚಿಕ್ಕಿ ಇದ್ದಳು. ಮೂರನೆಯ ಗಂಡಿ ಬೆಳಗಿನ ಜಾವ ಒಡೆದಿತ್ತು ತಾಯಿ. ನಮ್ಮ ಚಿಕ್ಕಿ ಹೋಗಿಬಿಟ್ಟಳು.

ಹುಡುಗರು ಮಣ್ಣಿನ ಕೈಯಲ್ಲೇ ಕಾರಿನ ಹಿಂದೆ ನಡೆದು ಬಂದರು. ಗಂಗುಲಪ್ಪ ಆ ಬಾಯಿ ಬಿಡಿಸಲಿಲ್ಲ. ಅವತ್ತು ಅವನ ಸರದಿ ನೀರು ಹಾಗೇ ಮುಂದಕ್ಕೆ ಹರಿದುಹೋಯಿತು.

ಇಂತಿ,
ನಿನ್ನ ಮಾವ
ಕದಿರಪ್ಪ

ಮತ್ತೆ: ಇದನ್ನು ಅಂಚೆಗೆ ಹಾಕಿಲ್ಲ. ಎದುರಿಗೆ ಕೂತರೆ ನನ್ನ ಬಾಯಿಂದ ಮತ್ತೊಂದು ಕಥೆಯೇ ಬರುತ್ತದೆಂದು ಬರೆದು ತಂದು, ನಿನ್ನ ತಂಗಿಯ ಕೈಲಿ ಒಳಗೆ ಕಳಿಸಿದ್ದೇನೆ. ಮಾಲೂರಿನ ನಿಮ್ಮ ಮನೆ ಜಗಲಿಯ ಮೇಲೇ ಕೂತಿದ್ದೇನೆ. ಕೆಂಪು ಟೇಪು ಜೇಬಿನಲ್ಲಿದೆ. ಕೂಗು ತಾಯಿ, ಬರುತ್ತೇನೆ.