ಹನ್ನೊಂದನೆಯ ಗುಳಿ

ಮನೆಯಿಂದ,
ಮಾರ್ಚ್ ೧೨, ಗುರುವಾರ ಬೆಳಿಗ್ಗೆ

ಪ್ರೀತಿಯ ಪುಟ್ಟಾ,

ಹೇಗಿದ್ದೀಯೋ? ಆ ಹಾಳು ಕೆಮ್ಮು ಬಿಟ್ಟಿತೇ? ಕೂತು ಉಣ್ಣುತ್ತೀಯೋ, ಇಲ್ಲ ನಿಂತಲ್ಲೇ ಏನಾದರೂ ಬಾಯಿಗೆ ಹಾಕಿಕೊಂಡು ಕೆಲಸಕ್ಕೆ ಓಡುತ್ತೀಯೋ? ನೀನು ಉತ್ತರ ಬರೆಯುವವನಲ್ಲ, ಗೊತ್ತು. ಆದರೂ ಕೇಳದಿದ್ದರೆ ನನಗೆ ಸಮಾಧಾನವಿಲ್ಲ.

ನಿನ್ನ ಅಪ್ಪ ಹಾಸಿಗೆ ಹಿಡಿದು ಎರಡು ತಿಂಗಳಾಯಿತು. ಇನ್ನು ಹೆಚ್ಚೆಂದರೆ ಹತ್ತು ದಿನ ಅಂದರು ಡಾಕ್ಟರು. ಕಣ್ಣು ಪೂರ್ತಿ ಹೋಗಿದೆ, ಹಟ ಮಾತ್ರ ಹಾಗೇ ಇದೆ. ಮೊನ್ನೆಯವರೆಗೂ ಬೆಳಗಾದರೆ ನಾಣ್ಯದ ತಟ್ಟೆಯನ್ನು ಎದೆಯ ಮೇಲೆ ಇಡಬೇಕಿತ್ತು. ಗಡಿಯಾರ ರಿಪೇರಿ ಮಾಡಿದ ಬೆರಳಲ್ಲವೇ, ಸಾವಿರದ ಐನೂರು ವರ್ಷದ ಬೈಜಾಂಟಿಯಂ ಸಾಮ್ರಾಜ್ಯದ ಕಂಚಿನ ನಾಣ್ಯವನ್ನು ಹೆಬ್ಬೆರಳಲ್ಲೇ ಓದುತ್ತಾರೆ. ಹಿಂಬದಿಯಲ್ಲಿ ದೊಡ್ಡ 'ಎಂ' ಇದ್ದರೆ ನಲವತ್ತು ಕಾಸಿನದು, 'ಕೆ' ಇದ್ದರೆ ಇಪ್ಪತ್ತರದು. "ಈ ಹಸಿರು ಕೊಳೆಯಲ್ಲ ಕಣೋ, ಅದರ ಚರ್ಮ, ತೆಗೀಬಾರ್ದು" ಎಂದು ನಿನಗೆ ಪಾಠ ಹೇಳುತ್ತಿದ್ದರಲ್ಲ, ಆಗೆಲ್ಲ ನಾನು ಅಡುಗೆಮನೆಯಲ್ಲಿರುತ್ತಿದ್ದೆ. ತಟ್ಟೆಯ ಖಾಲಿ ಹನ್ನೊಂದನೆಯ ಗುಳಿಗೆ ಬಂದರೆ ಬೆರಳು ನಿಂತುಬಿಡುತ್ತಿತ್ತು. ಅವರು ಮೊಟ್ಟಮೊದಲು ಕೊಂಡ ನಾಣ್ಯದ ಜಾಗ ಅದು. ನಾಲ್ಕು ವರ್ಷದ ಹಿಂದೆ ಆ ನಾಣ್ಯ ಕಾಣದಾದಾಗ ತಾನೇ ನೆಂಟರೆದುರಿಗೆ ನಿನ್ನನ್ನು ಕಳ್ಳ ಅಂದದ್ದು? ಅವತ್ತು ಚಪ್ಪಲಿ ಮೆಟ್ಟಿ ಹೋದವನು ನೀನು ತಿರುಗಿ ನೋಡಲಿಲ್ಲ.

ಮೊನ್ನೆ ಆ ಗುಳಿಯಲ್ಲಿ ಅವರ ಬೆರಳಿಗೆ ನಾಣ್ಯ ಸಿಕ್ಕಿತು. ಬಹಳ ಹೊತ್ತು ಸವರಿದರು. ಮುಖವಿಲ್ಲ, ಅಕ್ಷರವಿಲ್ಲ, ಬರೀ ನುಣುಪು. "ಅಸಲಿ ಮಾರ್ಕೊಂಡು ನಕಲಿ ಕಳಿಸಿದಾನೆ ನಿನ್ ಮಗ" ಎಂದು ಗೋಡೆಯ ಕಡೆ ತಿರುಗಿ ಮಲಗಿದರು. ಆಮೇಲೆ ತಟ್ಟೆ ಕೇಳಿಲ್ಲ.

ಕೋಪ ಪಕ್ಕಕ್ಕಿಟ್ಟು ಒಂದು ಸಲ ಬಂದು ಹೋಗಪ್ಪಾ. ನನ್ನ ಆಯಸ್ಸೂ ನಿನಗೇ ಇರಲಿ.

ನಿನ್ನ
ಅಮ್ಮ

ಲಕೋಟೆ ಅಂಟಿಸುವ ಮುಂಚೆ: ಆ ನಾಣ್ಯ ನಕಲಿಯಲ್ಲ, ಅದೇ. ಆ ವರ್ಷ ಅವರ ಹುಟ್ಟುಹಬ್ಬಕ್ಕೆ ಫಳಫಳ ಹೊಳೆಯಲಿ ಎಂದು, ತಾಮ್ರದ ಪಾತ್ರೆ ತಿಕ್ಕಿದ ಹಾಗೆ ನಿಂಬೆ, ಉಪ್ಪು ಹಾಕಿ ತಿಕ್ಕಿದವಳು ನಾನು. ಹಸಿರಿನ ಜೊತೆ ನಾಣ್ಯದ ಮೇಲಿದ್ದ ಚಕ್ರವರ್ತಿಯ ಮುಖವೂ ಅಳಿಸಿಹೋಯಿತು. ಹೆದರಿ ಅಂಗಿ ಗುಂಡಿಗಳ ಡಬ್ಬಿಯಲ್ಲಿ ಬಚ್ಚಿಟ್ಟೆ. ನಿನ್ನನ್ನು ಕಳ್ಳ ಅಂದಾಗ ಬಾಯಿಗೆ ಬೀಗ ಹಾಕಿಕೊಂಡು ಅಲ್ಲೇ ನಿಂತಿದ್ದೆ. ಮೊನ್ನೆ ಗುಳಿಗೆ ಸೇರಿಸಿದವಳೂ ನಾನೇ, ಆಗಲೂ ಬಾಯಿ ಬಿಡಲಿಲ್ಲ. ಉಪ್ಪು ತಿಂದವರು ನೀರು ಕುಡಿಯಲೇಬೇಕು. ಇವತ್ತು ಅವರಿಗೆ ಹೇಳುತ್ತೇನೆ. ನನಗೆ ಧೈರ್ಯ ಬರದಿದ್ದರೆ ನೀನೇ ಬಂದು ಈ ಕಾಗದವನ್ನು ಅವರಿಗೆ ಓದಿ ಹೇಳು. ಕಿವಿ ಇನ್ನೂ ಕೇಳಿಸುತ್ತದೆ.