ಬೋರ್ಡಿನ ಮೇಲೆ ಕೂತವರು

ಮಂಗಳವಾರ, ಬೆಳಿಗ್ಗೆ

ಅಮ್ಮಾ,

ಆರು ವರ್ಷದ ಮೇಲೆ ನನ್ನ ಅಕ್ಷರ ನೋಡಿ ಯಾರಿಗೋ ಏನೋ ಆಗಿದೆ ಎಂದು ಗಾಬರಿಯಾಗಬೇಡ. ಎಲ್ಲರೂ ಚೆನ್ನಾಗಿದ್ದೇವೆ. ನಿನ್ನೆ ಒಂದು ಸಂಗತಿ ಕಂಡೆ. ಬೇರೆ ಯಾರಿಗೆ ಹೇಳಿದರೂ ಅರ್ಧ ಮಾತ್ರ ಅರ್ಥವಾಗುವಂಥದ್ದು, ಅದಕ್ಕೇ ಬರೆಯುತ್ತಿದ್ದೇನೆ. ಸಿಟ್ಟಿದ್ದರೆ ಪೂರ್ತಿ ಓದಿದ ಮೇಲೆ ಸಿಟ್ಟು ಮಾಡಿಕೋ.

ನನ್ನ ಹೋಟೆಲಿನ ಬಾಗಿಲ ಮೇಲಿನ ಬೋರ್ಡು ನಿನಗೆ ನೆನಪಿರಲೇಬೇಕು. 'ಇಲ್ಲಿ ಮಾಂಸ, ಮೊಟ್ಟೆ, ಹಾಲು, ಜೇನು ಸಿಗುವುದಿಲ್ಲ.' ವೀಗನ್ ಅಂದರೆ ಪ್ರಾಣಿಗಳಿಂದ ಏನನ್ನೂ ತೆಗೆದುಕೊಳ್ಳದ ಊಟ ಎಂದು ದಿನಕ್ಕೆ ಹತ್ತು ಸಲ ಹೇಳಿ ಹೇಳಿ ನನ್ನ ನಾಲಿಗೆ ಸವೆದಿದೆ. ಗಂಟಲು ಕಟ್ಟಿದೆ, ಒಂದೇ ಒಂದು ಚಮಚ ಜೇನು ಕೊಡಿ ಎನ್ನುವವರಿಗೆ ಶುಂಠಿ ಕಷಾಯ ಕೊಟ್ಟು ಕಳಿಸುತ್ತೇನೆ. ಗಿರಾಕಿಯ ಮುಖ ಬಾಡಬಾರದು, ನನ್ನ ನಿಯಮವೂ ಮುರಿಯಬಾರದು. ಇವೆರಡರ ನಡುವೆ ಓಡಾಡುವುದೇ ನನ್ನ ಕೆಲಸ.

ಹೋಟೆಲು ತೆರೆದ ವರ್ಷ ಆ ಬೋರ್ಡಿನ ಜೊತೆಗೆ ಒಂದು ಕರಪತ್ರವನ್ನೂ ಹಂಚಿದ್ದೆ. 'ಜೇನು ಎಂದರೆ ಕಳವು' ಎಂದು ಅದರಲ್ಲಿ ಬರೆದಿದ್ದೆ. ಪೆಟ್ಟಿಗೆಗಳಲ್ಲಿ ಜೇನು ಸಾಕಿಯೇ ನನ್ನನ್ನು ಓದಿಸಿದ ನೀನು ಅದನ್ನು ಓದಿದರೆ ಏನಾಗುತ್ತದೆ ಎಂದು ಯೋಚಿಸಿರಲಿಲ್ಲ. ಅಥವಾ ಯೋಚಿಸಿಯೇ ಬರೆದಿದ್ದೆನೋ ಏನೋ. ಆಮೇಲೆ ನೀನು ಒಂದು ಬಾಟಲಿ ಜೇನು ಹಿಡಿದುಕೊಂಡು ಬಂದೆಯಂತೆ. ನಾನು ಮಾರ್ಕೆಟ್ಟಿಗೆ ಹೋಗಿದ್ದೆನಂತೆ. ನಮ್ಮ ಅಡುಗೆಯಾಕೆ ಬಾಟಲಿಯನ್ನು ಹೊರಗೆ ಕಿಟಕಿಯ ಕಟ್ಟೆಯ ಮೇಲೆ ಇಡಿಸಿದಳು. ನೀನು ಊಟ ಮುಗಿಸಿ, ತಟ್ಟೆಯಲ್ಲಿ ಒಂದು ಅಗುಳೂ ಬಿಡದೆ ಎದ್ದು ಹೋದೆ. ಅಲ್ಲಿಗೆ ನಮ್ಮಿಬ್ಬರ ಮಾತು ನಿಂತಿತು.

ನಿನ್ನೆಯದಕ್ಕೆ ಬರುತ್ತೇನೆ. ಮಧ್ಯಾಹ್ನ ಒಬ್ಬ ಅಜ್ಜಿಯ ಎಂಬತ್ತನೆಯ ಹುಟ್ಟುಹಬ್ಬ, ಮಕ್ಕಳು ಮೊಮ್ಮಕ್ಕಳು ಸೇರಿ ಇಪ್ಪತ್ತೆಂಟು ಜನ. ಮೂಲೆಯ ಮೇಜಿನಲ್ಲಿ ದಿನಾ ಊಟಕ್ಕೆ ಬರುವ ಗಡಿಯಾರ ರಿಪೇರಿಯವರು. ಸೂಪು ಬಡಿಸುತ್ತಿದ್ದಾಗ ಗುಂಯ್ ಎಂಬ ಸದ್ದು ಶುರುವಾಯಿತು. ಅಡುಗೆಮನೆಯಲ್ಲಿ ಯಾರೋ ಮಿಕ್ಸಿ ಹಾಕಿದ್ದಾರೆ ಅಂದುಕೊಂಡೆ. ತಿರುಗಿ ನೋಡಿದರೆ ಬೀದಿಯ ಬೆಳಕೇ ಮಂಕಾಗಿತ್ತು. ಸಾವಿರಾರು ಜೇನುಹುಳ ಗಾಜಿನ ಬಾಗಿಲ ಹೊರಗೆ ಸುತ್ತುತ್ತಿದ್ದವು. ಕಾಲು ಗಂಟೆಯೊಳಗೆ ಎಲ್ಲವೂ ಬೋರ್ಡಿನ ಮೇಲೆ ಕೂತು, ಕುಂಬಳಕಾಯಿ ಗಾತ್ರದ ಒಂದು ಮುದ್ದೆಯಾಗಿ ಜೋತುಬಿದ್ದವು. ಬರೆದದ್ದು ಒಂದಕ್ಷರವೂ ಕಾಣುತ್ತಿರಲಿಲ್ಲ. 'ಅಕ್ಕಾ, ಜೇನಿಲ್ಲ ಅಂತ ಬರೆದಿದ್ರಲ್ಲ, ಅವು ಒಪ್ತಾ ಇಲ್ಲ' ಎಂದಳು ಅಡುಗೆಯಾಕೆ. ನಗುವ ಸ್ಥಿತಿಯಲ್ಲಿ ನಾನಿರಲಿಲ್ಲ.

ಗಡಿಯಾರ ರಿಪೇರಿಯವರ ಮುಖ ಬಿಳಿಚಿಕೊಂಡಿತ್ತು. ಹಿಂದೊಮ್ಮೆ ಒಂದೇ ಹುಳ ಕಚ್ಚಿ, ಗಂಟಲು ಊದಿ, ಮೂರು ದಿನ ಆಸ್ಪತ್ರೆಯಲ್ಲಿದ್ದರಂತೆ. ನನ್ನನ್ನು ಕೇಳದೆ ಹುಳಕ್ಕೆ ಔಷಧಿ ಹೊಡೆಯುವವನಿಗೆ ಫೋನು ಮಾಡಿಬಿಟ್ಟಿದ್ದರು. ಅಜ್ಜಿಯ ಹಿರಿಮಗ ಎದ್ದು ಬಂದು, 'ಮೇಡಂ, ನಿಮ್ಮ ತತ್ವ ಎಲ್ಲ ತಟ್ಟೇಲಿ ಇಟ್ಕೊಳ್ಳಿ. ನಮ್ಮಮ್ಮನಿಗಿಂತ ಹುಳ ಹೆಚ್ಚಾ?' ಎಂದು ಕೇಳಿದರು. ನೀನೇ ಹೇಳು, ಅಮ್ಮ. ಔಷಧಿ ಹೊಡೆಸಿದರೆ ನಾಳೆ ಅದೇ ಬೋರ್ಡಿನ ಕೆಳಗೆ ಯಾವ ಮುಖ ಹೊತ್ತು ನಿಲ್ಲಲಿ? ಹೊಡೆಸದೆ ಯಾರಿಗಾದರೂ ಕಚ್ಚಿದರೆ, ಊದುವ ಆ ಗಂಟಲು ಜೀವವಲ್ಲವೇ?

ಆಗ ನನ್ನ ಬಾಯಿಂದ ಬಂದದ್ದು ನಿನ್ನ ಮಾತು. ಮನೆ ಬಿಟ್ಟು ಹೊರಟ ಹಿಂಡಿಗೆ ಸಿಟ್ಟಿರಲ್ಲ, ಹೊಟ್ಟೆ ತುಂಬಿಸ್ಕೊಂಡು ಹೊರಟಿರ್ತವೆ, ಕಾಯೋಕೆ ಅವಕ್ಕೆ ಮನೆಯೂ ಇಲ್ಲ ಮರಿಯೂ ಇಲ್ಲ, ಸುಮ್ನಿದ್ರೆ ತಾವಾಗೇ ಹೋಗ್ತವೆ. ನಾನೇ ಕಂಡುಹಿಡಿದವಳ ಹಾಗೆ ಠೀವಿಯಿಂದ ಹೇಳಿದೆ.

ಮೊದಲು ಗಡಿಯಾರ ರಿಪೇರಿಯವರ ತೋಳು ಹಿಡಿದು ಅಡುಗೆಮನೆಯ ಮೂಲಕ, ಈರುಳ್ಳಿ ಸಿಪ್ಪೆ ತುಳಿಯುತ್ತಾ, ಹಿಂದಿನ ಓಣಿಗೆ ಬಿಟ್ಟು ಬಂದೆ. 'ಕಚ್ಚಿದ್ರೆ ನಿಮ್ಮ ಹೆಸರು ಹೇಳ್ಕೊಂಡೇ ಸಾಯ್ತೀನಿ' ಎಂದರು. ಅವರು ತಿರುವು ದಾಟುವವರೆಗೂ ನಿಂತು ನೋಡಿದೆ. ವಾಪಸು ಬಂದು, ಹೋಗುವವರೆಲ್ಲ ಅದೇ ದಾರಿಯಲ್ಲಿ ಹೋಗಬಹುದು, ಊಟ ಕಟ್ಟಿಕೊಡುತ್ತೇನೆ ಎಂದೆ. ಕೆಲವರು ಎದ್ದರು ಕೂಡ. ಅಷ್ಟರಲ್ಲಿ ಅಜ್ಜಿ, 'ನನ್ನ ಕುರ್ಚಿ ಗಾಜಿನ ಹತ್ರ ಹಾಕಿ, ಇಲ್ಲಿಂದ ಸರಿಯಾಗಿ ಕಾಣ್ತಿಲ್ಲ' ಎಂದರು. ಆಮೇಲೆ ಒಬ್ಬೊಬ್ಬರದೇ ಕುರ್ಚಿ ಆ ಕಡೆ ತಿರುಗಿತು.

ಔಷಧಿಯವನು ಬಂದಾಗ ನಾನು ಒಳಗಿದ್ದೆ. ಬೆನ್ನಿನ ಡಬ್ಬಿಯಿಂದ ಕೊಳವೆ ತೆಗೆದು ಆಗಲೇ ಮೇಲೆತ್ತಿದ್ದ. ಹಿಂಬಾಗಿಲಿಂದ ಸುತ್ತಿಕೊಂಡು ಹೋಗಲು ಹೊತ್ತಿರಲಿಲ್ಲ. ಜೇನುಪೆಟ್ಟಿಗೆಯ ಮುಚ್ಚಳ ತೆಗೆಯುವ ಮುಂಚೆ ನೀನು ಬೆರಳ ಗೆಣ್ಣಿನಿಂದ ಎರಡು ಸಲ ತಟ್ಟಿ 'ನಾನೇ' ಅನ್ನುತ್ತಿದ್ದೆಯಲ್ಲ, ಹಾಗೇ ಬಾಗಿಲ ಚೌಕಟ್ಟನ್ನು ತಟ್ಟಿದೆ. ಹಾಗೇ ಅಂದೆ. ಬಾಗಿಲು ತೆಗೆದು ಅವುಗಳ ಕೆಳಗೇ ನಿಂತೆ. ಹತ್ತಿಪ್ಪತ್ತು ಹುಳ ನನ್ನ ತಲೆಯ ಮೇಲೆ, ಹೆಗಲ ಮೇಲೆ ನಡೆದಾಡಿದವು. ಆ ಸದ್ದು ಕಿವಿಯಲ್ಲಲ್ಲ, ಎದೆಯ ಮೂಳೆಯಲ್ಲಿ ಕೇಳಿಸುತ್ತಿತ್ತು. ಇಷ್ಟು ವರ್ಷ ಯಾರ ಪರವಾಗಿ ವಾದ ಮಾಡುತ್ತಿದ್ದೆನೋ ಅವುಗಳ ಇಷ್ಟು ಹತ್ತಿರ ನಾನು ಯಾವತ್ತೂ ನಿಂತಿರಲಿಲ್ಲ. ಒಂದೂ ಕಚ್ಚಲಿಲ್ಲ.

ಮೂರು ಗಂಟೆಯವರೆಗೆ ಕಾಯಿರಿ, ಆಮೇಲೂ ಹೋಗದಿದ್ದರೆ ನಿಮ್ಮ ಕೆಲಸ ನೀವು ಮಾಡಿ ಎಂದು ಅವನಿಗೆ ಮಾತು ಕೊಟ್ಟೆ. ಇದನ್ನು ಒಳಗಿದ್ದ ಯಾರಿಗೂ ಹೇಳಿಲ್ಲ, ನಿನಗೆ ಹೇಳುತ್ತಿದ್ದೇನೆ. ಗಡಿಯಾರ ರಿಪೇರಿಯವರು ನಾಳೆಯೂ ಅದೇ ಬಾಗಿಲಿಂದ ಬರಬೇಕಿತ್ತಲ್ಲ. ಅವನು ಡಬ್ಬಿ ಇಳಿಸಿ ಎದುರಿನ ಕಟ್ಟೆಯ ಮೇಲೆ ಕೂತ. ಇಷ್ಟು ವರ್ಷದಲ್ಲಿ ಎಷ್ಟೋ ಹಿಂಡಿಗೆ ಹೊಡೆದಿದ್ದೇನೆ, ಒಂದನ್ನೂ ಕೂತು ನೋಡಿರಲಿಲ್ಲ ಎಂದ.

ಎರಡೂ ಮುಕ್ಕಾಲಾದರೂ ಒಂದೂ ಅಲುಗಲಿಲ್ಲ. ಕೇಕು ಕತ್ತರಿಸುವ ಚಾಕು ಹಿಡಿದುಕೊಂಡೇ ಗೋಡೆ ಗಡಿಯಾರ ನೋಡುತ್ತಿದ್ದೆ. ಇನ್ನೈದು ನಿಮಿಷವಿದ್ದಾಗ ಆ ಮುದ್ದೆ ಸಡಿಲವಾಯಿತು. ಹಾಲು ಉಕ್ಕುವ ಹಾಗೆ ಅಂಚಿನಿಂದ ಉಕ್ಕಿ, ಒಮ್ಮೆಲೇ ಎಲ್ಲವೂ ಎದ್ದವು. ಬೀದಿಯ ತುಂಬ ಅವೇ. ಒಂದಕ್ಕೊಂದು ತಾಗದೆ ಅಷ್ಟೆತ್ತರ ಸುತ್ತಿ, ಎದುರಿನ ಮಹಡಿ ದಾಟಿ ಹೊರಟುಹೋದವು. ಔಷಧಿಯವನು ಟೋಪಿ ತೆಗೆದು ನಿಂತಿದ್ದ. ಒಳಗೆ ಅಜ್ಜಿ, 'ಹೊರಡೋಣ ಅಂತ ಮೊದಲು ಹೇಳಿದ್ಯಾರು, ಯಾರಾದ್ರೂ ನೋಡಿದ್ರಾ?' ಎಂದು ಕೇಳಿದರು. ಯಾರೂ ನೋಡಿರಲಿಲ್ಲ. ಹಿರಿಮಗ ಮೆಲ್ಲನೆ, ಇನ್ನು ಕೇಕು ತರಬಹುದೇನೋ ಎಂದರು.

ಬೋರ್ಡಿನ ಮೇಲೆ ಉಗುರಿನಷ್ಟು ಬಿಳಿ ಮೇಣ ಉಳಿದಿದೆ. ಅಲ್ಲೇ ಗೂಡು ಕಟ್ಟೋಣವೇ ಎಂದು ಒಂದು ಗಳಿಗೆ ಯೋಚಿಸಿದ್ದವೋ ಏನೋ. ಅದನ್ನು ನಾನು ಕೆರೆದಿಲ್ಲ.

ಒಂದು ಮಾತು ನೇರವಾಗಿ ಹೇಳುತ್ತೇನೆ. ನನ್ನ ಅಡುಗೆಮನೆಗೆ ಜೇನು ಬರುವುದಿಲ್ಲ, ಅದರಲ್ಲಿ ಬದಲಿಲ್ಲ. ಆದರೆ ಕಳವು ಎಂದು ಬರೆದದ್ದು ತಪ್ಪು. ಕಳ್ಳರು ಬಾಗಿಲು ತಟ್ಟಿ ನಾನೇ ಎಂದು ಹೇಳಿ ಒಳಗೆ ಹೋಗುವುದಿಲ್ಲ. ಅವುಗಳ ಮುಂದೆ ಸುಮ್ಮನೆ ನಿಲ್ಲುವುದನ್ನು ನಾನು ಕಲಿತದ್ದು ನಿನ್ನಿಂದಲೇ. ಕ್ಷಮಿಸು.

ನಿನ್ನ
ಮೊಂಡಿ

ಮರೆತ ಮಾತು: ನೀನು ಬಂದ ಆ ದಿನ ನಾನು ಮಾರ್ಕೆಟ್ಟಿಗೆ ಹೋಗಿರಲಿಲ್ಲ. ತೆರೆದೇ ಇದ್ದ ಬಾಗಿಲನ್ನು ಯಾರೋ ಎರಡು ಸಲ ತಟ್ಟಿದ್ದು ಕೇಳಿದ ಕೂಡಲೇ ನೀನೆಂದು ಗೊತ್ತಾಯಿತು. ನಾನಿಲ್ಲ ಎಂದು ಹೇಳು ಅಂತ ಅಡುಗೆಯಾಕೆಗೆ ಕೈಸನ್ನೆ ಮಾಡಿದವಳು ನಾನೇ. ನೀನು ಊಟ ಮಾಡುವಷ್ಟು ಹೊತ್ತೂ ತಟ್ಟೆ ಕೊಡುವ ಕಿಂಡಿಯಿಂದ ನೋಡುತ್ತಿದ್ದೆ. ಕಟ್ಟೆಯ ಮೇಲೆ ನೀನು ಬಿಟ್ಟುಹೋದ ಬಾಟಲಿ ನನ್ನ ಬಟ್ಟೆ ಬೀರುವಿನಲ್ಲಿದೆ. ತಿನ್ನಲಿಲ್ಲ, ಎಸೆಯಲೂ ಆಗಲಿಲ್ಲ. ಇನ್ನೊಂದು ಸಲ ಬಂದು ತಟ್ಟು. ಈ ಸಲ ನಾನೇ ಬಾಗಿಲಿಗೆ ಬರುತ್ತೇನೆ.